ಕಾರಿನ ತಳದಲ್ಲೊಂದು ತೂತು

ಹಾವೇರಿಯ ನನ್ನ ಗೆಳೆಯರೊಬ್ಬರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಮಗಳು ರಾಣೆಬೆನ್ನೂರಿನ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದುತ್ತಾಳೆ. 2025ರ ಮಳೆಗಾಲದ ಒಂದು ಭಾನುವಾರ ಸಂಜೆ ಮಗಳನ್ನು ಬಿಟ್ಟುಬರಲು ತಮ್ಮ ಮಾರುತಿ 800ರಲ್ಲಿ ಹೊರಟಿದ್ದರು. ಮೋಟೆಬೆನ್ನೂರು ದಾಟಿದ ಮೇಲೆ ರಸ್ತೆಬದಿಯಲ್ಲಿ ನಿಂತ ನೀರಿಗೆ ಚಕ್ರ ಇಳಿದದ್ದೇ ತಡ, “ಅಪ್ಪಾ, ಕಾಲಾಗ ನೀರ ಬಂತು!” ಎಂದು ಮಗಳು ಕೂಗಿದಳು. ಕಿಟಕಿಯ ಗಾಜು ಏರಿಸಿಯೇ ಇತ್ತು. ಕಾರು ನಿಲ್ಲಿಸಿ ರಬ್ಬರ್ ಮ್ಯಾಟ್ ಎತ್ತಿದರೆ ಅಂಗೈ ಅಗಲದ ತೂತು. ಅದರೊಳಗಿಂದ ಡಾಂಬರು ರಸ್ತೆ ಕಾಣುತ್ತಿತ್ತು.

ಕಾರಿಗೆ ಹದಿನೈದು ವರ್ಷ ತುಂಬಲು ಆಗ ಎರಡೇ ತಿಂಗಳು ಬಾಕಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷದ್ದು. ಆಮೇಲೆ ಫಾರಂ 25 ತುಂಬಿ, ಗಾಡಿಯನ್ನು ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಿ, ರಸ್ತೆಗೆ ಯೋಗ್ಯ ಎನಿಸಿಕೊಂಡರೆ ಮತ್ತೆ ಐದು ವರ್ಷ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ‘ಪಾಸಿಂಗ್’. ಇದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಗಿದೆ. ಲೆಕ್ಕ ಬರೆಯುವವರ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ಅಂದ ಹಾಗೆ, 2010ರಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಬೆಂಗಳೂರೂ ಸೇರಿ ಹದಿಮೂರು ದೊಡ್ಡ ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತಿತು. ನಮ್ಮಂಥ ಊರುಗಳಲ್ಲಿ ಮಾತ್ರ ಮಾರಾಟವಾಗುತ್ತಲೇ ಇತ್ತು. 2014ರಲ್ಲಿ ತಯಾರಿಕೆಯೇ ನಿಂತಿತು. ಗೆಳೆಯರು ಕೊಂಡದ್ದು 2010ರಲ್ಲಿಯೇ.

ಮೊದಲು ನೋಡಿದ ಟಿಂಕರ್ ಧೈರ್ಯ ಹೇಳಿದ: “ಫೈಬರ್ ಅಂಟಿಸಿ ಮ್ಯಾಲ ಡಾಂಬರ ಬಳದ್ರ ಮುಗೀತ್ರಿ. ಮ್ಯಾಟ್ ಹಾಸಿದ್ರ ಯಾರಿಗೂ ಗೊತ್ತಾಗೂದಿಲ್ಲ.” ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ. ಗೆಳೆಯರಿಗೆ ಮನಸ್ಸು ಬಂದಿತ್ತು. ನನ್ನನ್ನು ಕೇಳಿದರು. ನಾನು ತಂತ್ರಜ್ಞನಲ್ಲ, ಮಕ್ಕಳಿಗೆ ವಿಜ್ಞಾನ ಹೇಳಿದವನು. ಆದರೂ ಒಂದು ಪ್ರಶ್ನೆ ಕೇಳಿದೆ: “ತೂತಿನಿಂದ ಸೀಟಿನ ಬೋಲ್ಟು ಎಷ್ಟು ದೂರ?” ಮೂರು ಬೆರಳು ಎಂದರು.

ಲಾರಿಗೆ, ಹಳೆಯ ಜೀಪಿಗೆ ಕೆಳಗೆ ದಪ್ಪ ಉಕ್ಕಿನ ಚಾಸಿ ಬೇರೆಯೇ ಇರುತ್ತದೆ. ಮೇಲಿನ ತಗಡು ಹೋದರೂ ಅದು ಭಾರ ಹೊರುತ್ತದೆ. ಮಾರುತಿಯಂಥ ಕಾರಿಗೆ ಆ ಚಾಸಿ ಇಲ್ಲ. ಒಂದು ಮಿಲಿಮೀಟರಿಗೂ ತೆಳುವಾದ ತಗಡುಗಳನ್ನು ಮಡಿಸಿ, ಬೆಸೆದು ಮಾಡಿದ ಪೆಟ್ಟಿಗೆಯೇ ಅದರ ಬೆನ್ನುಮೂಳೆ. ಸೀಟನ್ನು ಹಿಡಿದಿರುವುದೂ ಆ ತಳವೇ. ಗಾಡಿ ಎಲ್ಲಿಗಾದರೂ ಬಡಿದರೆ ಸೀಟಿನಲ್ಲಿ ಕೂತವರ ಭಾರವೆಲ್ಲ ಆ ಬೋಲ್ಟುಗಳ ಮೇಲೆ ಬೀಳುತ್ತದೆ. ಬೋಲ್ಟಿನ ಸುತ್ತಲಿನ ತಗಡು ಹಪ್ಪಳದಂತಿದ್ದರೆ ಮೇಲೆ ಬಳಿದ ಡಾಂಬರು ಏನನ್ನು ಹಿಡಿದೀತು? ಆ ಸೀಟಿನಲ್ಲಿ ಕೂಡುವವಳು ಮಗಳು.

ಬ್ರಿಟನ್ನಿನಲ್ಲಿ 1960ರಿಂದ ಕಾರುಗಳ ತಪಾಸಣೆ ಕಡ್ಡಾಯ. ಈಗಂತೂ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷವೂ ಪರೀಕ್ಷೆ. ಸೀಟು, ಬೆಲ್ಟು, ಸಸ್ಪೆನ್ಷನ್ ಕೂಡುವ ಜಾಗದಿಂದ 30 ಸೆಂಟಿಮೀಟರಿನೊಳಗೆ ತಗಡು ತುಕ್ಕು ತಿಂದು ಬಲ ಕಳೆದುಕೊಂಡಿದ್ದರೆ ಅಲ್ಲಿ ಕಾರು ನಪಾಸು. ತೇಪೆ ಹಾಕಿದರೆ ಸುತ್ತಲೂ ಬಿಡದೆ ವೆಲ್ಡಿಂಗ್ ಆಗಿರಬೇಕು; ಅಂಟು ನಡೆಯುವುದಿಲ್ಲ.

ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರು ತುಕ್ಕು ಹಿಡಿಯುತ್ತದೆ. ಹಿಮವನ್ನೇ ಕಾಣದ ನಮ್ಮ ಸೀಮೆಯಲ್ಲಿ ಯಾಕೆ ಹೀಗಾಯಿತು ಎಂದು ಆ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಬಾಗಿಲಿನ ರಬ್ಬರು ಹಳತಾಗಿ ಮಳೆನೀರು ಒಳಗೆ ಇಳಿಯುತ್ತದೆ. ಮ್ಯಾಟಿನ ಕೆಳಗೆ ಕಂಬಳಿಯಂಥ ದಪ್ಪ ಹಾಸು ಇರುತ್ತದಲ್ಲ, ಅದು ನೀರು ಕುಡಿದು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಹೊರಗಡೆ ತಳಕ್ಕೆ ಮೆತ್ತಿದ ಎರೆಮಣ್ಣಂತೂ ಒಮ್ಮೆ ನೀರು ಹೀರಿದರೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ರೈತರಿಗೆ ಇದನ್ನು ಹೇಳಬೇಕಿಲ್ಲ.

ಕಬ್ಬಿಣ ತುಕ್ಕು ಹಿಡಿಯಲು ನೀರು ಬೇಕು, ಆಮ್ಲಜನಕವೂ ಬೇಕು. ಹಾಗಾದರೆ ಗಾಳಿ ಹೆಚ್ಚು ಸಿಗುವಲ್ಲಿ ಹೆಚ್ಚು ಸವೆಯಬೇಕಲ್ಲವೆ? ನಡೆಯುವುದು ತಿರುವುಮುರುವು. ಒಂದೇ ಒದ್ದೆ ತಗಡಿನ ಮೇಲೆ ಗಾಳಿ ಧಾರಾಳವಾಗಿ ಸಿಗುವ ಜಾಗ ಕ್ಯಾಥೋಡ್ ಆಗುತ್ತದೆ, ಕೆಸರಿನಡಿ ಗಾಳಿ ಸಿಗದ ಜಾಗ ಆನೋಡ್. ಕಬ್ಬಿಣ ಕರಗುವುದು ಆನೋಡಿನಲ್ಲಿ. ಆದ್ದರಿಂದ ಕಣ್ಣಿಗೆ ಕಾಣುವ ಬಾನೆಟ್ ಹೊಳೆಯುತ್ತಿರುವಾಗಲೇ ಹಾಸಿನ ಅಡಿಯಲ್ಲಿ ತೂತು ಬೀಳುತ್ತದೆ. ಬೇಕಿದ್ದರೆ ಪರೀಕ್ಷಿಸಿ: ಕಬ್ಬಿಣದ ಪಟ್ಟಿಯೊಂದನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಹೊಳೆಯಿಸಿ, ಉಪ್ಪುನೀರಿನಲ್ಲಿ ಕಲಸಿದ ಎರೆಮಣ್ಣನ್ನು ಮಧ್ಯದಲ್ಲಿ ಮೆತ್ತಿ, ಒಣಗಲು ಬಿಡದೆ ಎರಡು ವಾರ ಇಡಿ. ಆಮೇಲೆ ತೊಳೆದು, ಮಣ್ಣಿನಡಿಯ ಮೈಯನ್ನೂ ಬಯಲಿಗಿದ್ದ ಮೈಯನ್ನೂ ಬೆರಳಾಡಿಸಿ ಹೋಲಿಸಿ.

ಗೆಳೆಯರು ಕೊನೆಗೆ ಕಾರನ್ನು ರಾಣೆಬೆನ್ನೂರಿನ ಪಿ.ಬಿ. ರೋಡಿನ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಒಯ್ದರು. ನಾನೂ ಜೊತೆಗಿದ್ದೆ. ಮೇಸ್ತ್ರಿ ತೂತನ್ನು ನೋಡಲೇ ಇಲ್ಲ. ಅದರ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರು. ಗಟ್ಟಿ ತಗಡು ಠಣ್ ಎನ್ನುತ್ತಿತ್ತು, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದಲ್ಲೆಲ್ಲ ಒಳಗೆ ಹೋಯಿತು. ಅಂಗೈ ಅಗಲದ ತೂತು ಊಟದ ತಟ್ಟೆಯಷ್ಟಾದಾಗ ಗೆಳೆಯರ ಮುಖ ಬಾಡಿತು. “ಇದು ಹರದ ಅಂಗಿ ಅಲ್ರಿ ಸರ, ತ್ಯಾಪಿ ಹಚ್ಚಿ ಬಿಡಾಕ. ಕೊಳತದ್ದೆಲ್ಲಾ ತಗದು, ಬೆಳ್ಳಗ ಹೊಳಿಯೂ ತಗಡ ಸಿಗೂತನಕ ಕತ್ತರಸ್ಬೇಕು. ಇಲ್ಲಾಂದ್ರ ವೆಲ್ಡಿಂಗ್ ಯಾವುದಕ್ಕ ಹಿಡೀಬೇಕ್ರಿ?” ಎಂದರು.

ಸೀಟು, ಹಾಸು ಎಲ್ಲ ಹೊರಬಂದವು. ಬ್ಯಾಟರಿಯ ತಂತಿ ಕಳಚಿದರು. ವೆಲ್ಡಿಂಗ್ ಕರೆಂಟು ಇಂಜಿನ್ನಿನ ಕಂಪ್ಯೂಟರನ್ನು ಸುಡಬಾರದಲ್ಲ. ಕಾರಿನ ತಳದ ಗುಂಟ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹಾಯುತ್ತವೆ. ಪೆಟ್ರೋಲ್ ಪೈಪನ್ನು ಬಿಚ್ಚಿ ಬಾಯಿ ಕಟ್ಟಿ ಸರಿಸಿದ ಮೇಲೆಯೇ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಕೆಲಸಕ್ಕೆ ಕೈಹಾಕಿದ್ದು. ರಟ್ಟನ್ನು ಕತ್ತರಿಸಿ ಅಳತೆ ಹೊಂದಿಸಿ, ಅದರಂತೆ ಹೊಸ ತಗಡು ಕೊಯ್ದು, ಮೂಲದಲ್ಲಿದ್ದ ಏಣುಗಳನ್ನೂ ಬಡಿದು ಎಬ್ಬಿಸಿದರು. ಆ ಏಣುಗಳು ಅಂದಕ್ಕಲ್ಲ. ಮಡಿಸಿದ ಕಾಗದ ಬಾಗದಂತೆ ತಗಡಿಗೆ ಬಿಗಿ ಕೊಡುವುದು ಅವೇ. ಬೆಸುಗೆಯನ್ನು ಒಂದೇ ಉಸಿರಿಗೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಎದುರಿಗೊಂದು ಚುಕ್ಕೆ, ಆರಲು ಬಿಟ್ಟು ನಡುವೆ ಮತ್ತೊಂದು, ಹೀಗೆ ಸುತ್ತು ಮುಗಿಸಿದರು. ಕಾದರೆ ತೆಳು ತಗಡು ಹಿಗ್ಗಿ ಸೊಟ್ಟಗಾಗುತ್ತದೆ. ಆಮೇಲೆ ಎರಡೂ ಮೈಗೆ ಜಿಂಕ್ ಪ್ರೈಮರ್, ಸಂದಿಗೆ ಸೀಲರ್, ಕಡೆಗೆ ತಳಕ್ಕೆ ಡಾಂಬರಿನ ಲೇಪ. ಅಂದರೆ ಡಾಂಬರು ಇಲ್ಲಿಯೂ ಬಂತು. ಆದರೆ ಎಲ್ಲಕ್ಕೂ ಕೊನೆಗೆ ಬಂತು. ಮೂರು ದಿನ ಹಿಡಿಯಿತು. ಖರ್ಚು ಮೊದಲಿನವ ಹೇಳಿದ್ದರ ಆರು ಪಟ್ಟು.

ಪಾಸಿಂಗಿನ ದಿನ ಇನ್‌ಸ್ಪೆಕ್ಟರರು ಬಾನೆಟ್ ಎತ್ತಿ ಚಾಸಿ ನಂಬರ್ ತಾಳೆ ನೋಡಿದರು, ಹಾರ್ನು, ಇಂಡಿಕೇಟರ್, ಬ್ರೇಕು ನೋಡಿದರು. ಮ್ಯಾಟ್ ಎತ್ತಿ ಬೂಟಿನ ಹಿಮ್ಮಡಿಯಿಂದ ಎರಡು ಸಲ ಒತ್ತಿದರು, ಏನೂ ಅನ್ನಲಿಲ್ಲ. ತಕರಾರು ಬಂದದ್ದು ಎಡಗಡೆಯ ಹೆಡ್‌ಲೈಟಿಗೆ. ಹೊರಗಿನ ಅಂಗಡಿಯಿಂದ ಬಲ್ಬು ತಂದು ಹಾಕಿಸಿದ ಮೇಲೆ ಐದು ವರ್ಷ ಸಿಕ್ಕಿತು.

ಮನೆಯಲ್ಲಿ ಹಳೆಯ ಕಾರಿದ್ದರೆ ಪಾಲಕರು ಹದಿನೈದು ತುಂಬುವತನಕ ಕಾಯಬೇಡಿ. ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲಿನಿಂದ ಕೊಡಬಹುದು, ತಳವನ್ನು ಈ ಭಾನುವಾರವೇ ನೋಡಬಹುದು. ಹುಡುಗರ ಕೈಲಿ ಒಂದು ಸ್ಕ್ರೂಡ್ರೈವರ್ ಕೊಡಿ. ಹಾಸು ಹಸಿಯಾಗಿದ್ದರೆ ಬ್ಯಾಡಗಿಯವರು ಮೆಣಸಿನಕಾಯಿ ಹರವುವಂತೆ ಬಿಸಿಲಿಗೆ ಹರವಿ, ಕೈಗೆ ಗರಿಗರಿ ಎನಿಸಿದ ಮೇಲೆಯೇ ಒಳಗೆ ಹಾಸಿ.