ಲಾಖ್ ಲೆವೆನ್ ದಂಡೆಯಲ್ಲಿ ಮನೆಮಂದಿಯ ನಡಿಗೆ



ನಮ್ಮ ಕೆಲವು ಮನೆಗಳಿಂದ ಮಕ್ಕಳು ಓದಲೆಂದು ಗ್ಲಾಸ್ಗೊ, ಎಡಿನ್‌ಬರೋಗಳಿಗೆ ಹೋಗುವುದುಂಟು. ಓದು ಮುಗಿದು ಪದವಿ ಪಡೆಯುವ ದಿನ ಬಂದಾಗ ಅಪ್ಪ ಅಮ್ಮ, ಮೈಯಲ್ಲಿ ಶಕ್ತಿಯಿದ್ದರೆ ಅಜ್ಜಿಯೂ ವಿಮಾನ ಹತ್ತುತ್ತಾರೆ. ಸಮಾರಂಭ ಮುಗಿದ ಮೇಲೆ ಒಂದು ದಿನದ ಬಸ್ ಪ್ರವಾಸ. ಕಿಟಕಿಯಲ್ಲಿ ಬೆಟ್ಟ, ಕಿಟಕಿಯಲ್ಲಿ ನೀರು, ಹತ್ತು ನಿಮಿಷ ಇಳಿದು ಫೋಟೊ, ಮತ್ತೆ ಬಸ್ಸು. ಊರಿಗೆ ಬಂದಮೇಲೆ ಯಾವ ಫೋಟೊ ಯಾವ ಜಾಗದ್ದೆಂದು ಯಾರಿಗೂ ನೆನಪಿರುವುದಿಲ್ಲ. ಇಷ್ಟು ದೂರ ಹೋದವರು ಎರಡು ದಿನ ಒಂದೇ ಕಡೆ ಉಳಿದು ಕಾಲ್ನಡಿಗೆಯಲ್ಲಿ ನೋಡಬಾರದೇಕೆ? ಈ ಸಲದ ಅಂಕಣ ಅದಕ್ಕಾಗಿ.

ನಾನು ಹೇಳಹೊರಟಿರುವುದು ಲಾಖ್ ಲೆವೆನ್ ಎಂಬ ಜಾಗದ ವಿಷಯ. ಮುಂಬಯಿ, ಪುಣೆಯ ಮಿತ್ರರಿಗೆ ಲಾಖ್ ಎಂದೊಡನೆ ಲಕ್ಷ ರೂಪಾಯಿ ನೆನಪಾದೀತು! ಸ್ಕಾಟ್‌ಲೆಂಡಿನಲ್ಲಿ ಸರೋವರಕ್ಕೂ ಲಾಖ್ ಎನ್ನುತ್ತಾರೆ, ಸಮುದ್ರ ಒಳನುಗ್ಗಿದ ಖಾರಿಗೂ ಲಾಖ್ ಎನ್ನುತ್ತಾರೆ. ನಮ್ಮದು ಎರಡನೆಯ ಬಗೆ. ಹಿಮಯುಗದಲ್ಲಿ ನೀರ್ಗಲ್ಲಿನ ನದಿಗಳು ಬೆಟ್ಟಗಳ ನಡುವೆ ಆಳವಾದ ಕಣಿವೆ ಕೊರೆದವು. ಹಿಮ ಕರಗಿದಾಗ ಕಡಲು ಆ ಕಣಿವೆಯೊಳಕ್ಕೆ ಬಂತು. ಹೀಗಾಗಿ ಸುತ್ತ ಬೆಟ್ಟಗಳಿದ್ದರೂ ನೀರು ಉಪ್ಪು. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಬೆಳಿಗ್ಗೆ ಕಂಡ ಕಲ್ಲುದಂಡೆ ಮಧ್ಯಾಹ್ನ ಮಾಯವಾಗಿರುತ್ತದೆ. ಇದರ ಉದ್ದ ಸುಮಾರು 14 ಕಿ.ಮೀ. ಇದೇ ಹೆಸರಿನ ಸಿಹಿನೀರಿನ ಸರೋವರವೊಂದು ಪೂರ್ವದಲ್ಲಿ ಕಿನ್‌ರಾಸ್ ಊರಿನ ಬಳಿ ಇದೆ. ರಾಣಿ ಮೇರಿಯನ್ನು 1567ರಲ್ಲಿ ಸೆರೆಯಿಟ್ಟದ್ದು ಅಲ್ಲಿ. ಟಿಕೆಟ್ ಕೊಳ್ಳುವಾಗ ಗ್ಲೆಂಕೋ ಎಂದು ಕೇಳಿದರೆ ಗೊಂದಲವಿಲ್ಲ. ಗ್ಲಾಸ್ಗೊದಿಂದ ಫೋರ್ಟ್ ವಿಲಿಯಂ ಕಡೆ ಹೋಗುವ ಬಸ್ಸು ಗ್ಲೆಂಕೋ ಹಳ್ಳಿಯಲ್ಲಿ ನಿಲ್ಲುತ್ತದೆ.

ಮೊದಲ ದಿನ ಬೆಳಿಗ್ಗೆ ಹಳ್ಳಿಯ ಪಕ್ಕದ ಗ್ಲೆಂಕೋ ಲಾಖನ್‌ಗೆ ಹೋಗಿ. ಲಾಖನ್ ಎಂದರೆ ಪುಟ್ಟ ಕೊಳ. ಅದರ ಸುತ್ತಲಿನ ದಾರಿ ಹೆಚ್ಚುಕಡಿಮೆ ಸಮತಟ್ಟು. ಮಂಡಿನೋವಿನ ಅಜ್ಜಿಯೂ ನಿಧಾನವಾಗಿ ಒಂದು ಸುತ್ತು ಬರಬಹುದು. ಗಾಳಿಯಿಲ್ಲದ ದಿನ ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ.

ಈ ಕೊಳ ಪ್ರಕೃತಿ ಮಾಡಿದ್ದಲ್ಲ. ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಡೊನಾಲ್ಡ್ ಸ್ಮಿತ್ ಎಂಬಾತ ಹದಿನೆಂಟರ ಹರೆಯದಲ್ಲಿ ಕೆನಡಾಕ್ಕೆ ಹೋಗಿ, ತುಪ್ಪಳದ ವ್ಯಾಪಾರದಲ್ಲಿಯೂ ರೈಲ್ವೆಯಲ್ಲಿಯೂ ಹೆಸರು, ಹಣ ಎರಡನ್ನೂ ಗಳಿಸಿದ. ಮುಂದೆ ಲಾರ್ಡ್ ಸ್ಟ್ರಾತ್‌ಕೋನಾ ಎನಿಸಿಕೊಂಡವನೂ ಅವನೇ. 1890ರ ದಶಕದಲ್ಲಿ ಇಲ್ಲಿ ಬಂಗಲೆ ಕಟ್ಟಿಸಿದ. ಆದರೆ ಹೆಂಡತಿ ಇಸಬೆಲ್ಲಾ ಕೆನಡಾದ ಮಗಳು. ಆಕೆಗೆ ತವರಿನ ಹಂಬಲ. ಆಕೆಯ ಮನಸ್ಸು ನಿಲ್ಲಲೆಂದು ಕೊಳ ಮಾಡಿಸಿ, ಸುತ್ತಲೂ ಉತ್ತರ ಅಮೆರಿಕದ ಮರಗಳನ್ನು ನೆಡಿಸಿದ. ಆದರೂ ಆಕೆಗೆ ಆ ಊರು ಒಗ್ಗಲಿಲ್ಲ ಎಂಬುದು ಅಲ್ಲಿಯವರ ಮಾತು. ನೂರು ವರ್ಷ ದಾಟಿದ ಮರಗಳು ಮಾತ್ರ ಒಗ್ಗಿಕೊಂಡು ಮುಗಿಲೆತ್ತರ ಬೆಳೆದಿವೆ. ನಮ್ಮ ಮನೆಗಳ ಬಾಲ್ಕನಿಗಳಲ್ಲಿ ಕುಂಡದೊಳಗಿರುವ ಕರಿಬೇವು, ದೊಡ್ಡಪತ್ರೆಗಳನ್ನು ನೋಡಿದವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಅಮ್ಮನಿಗೆ ಆ ಮರಗಳ ಕೆಳಗೇ ಇದನ್ನು ಹೇಳಿ, ಆಮೇಲೆ ಸುಮ್ಮನಿದ್ದು ಅವರು ಏನು ಹೇಳುತ್ತಾರೆಂದು ಕೇಳಿ.

ಸಂಜೆ ಹಳ್ಳಿಯೊಳಗಿನ ಶಿಲುಬೆಯಾಕಾರದ ಸ್ಮಾರಕದವರೆಗೆ ನಡೆಯಿರಿ. 1692ರ ಫೆಬ್ರವರಿ 13ರ ನಸುಕಿನಲ್ಲಿ ಇಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದವರನ್ನು ಸೈನಿಕರು ಕೊಂದರು. ಕುಲದ ನಾಯಕ ದೊರೆ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡುವುದು ಕೆಲವು ದಿನ ತಡವಾಯಿತೆಂಬುದು ನೆಪ. ಸತ್ತವರು 38 ಮಂದಿ ಎನ್ನುತ್ತಾರೆ. ಹಿಮದಲ್ಲಿ ಓಡಿಹೋಗಿ ಚಳಿಗೆ ಸತ್ತವರು ಬೇರೆ. ಜನ ಇಂದಿಗೂ ಮರೆಯದಿರುವುದು ಸಾವಿನ ಲೆಕ್ಕವನ್ನಲ್ಲ. ಆ ಸೈನಿಕರು ಹತ್ತು ಹನ್ನೆರಡು ದಿನ ಅದೇ ಮನೆಗಳಲ್ಲಿ ಅತಿಥಿಗಳಾಗಿ ಉಂಡು ಮಲಗಿದ್ದರು. ಉಂಡ ಮನೆಯ ಜಂತೆ ಎಣಿಸುವುದು ಎಂಬ ನಮ್ಮ ಮಾತು ಇಂಥವರಿಗೆ ಸಾಲದು. ದಂಡೆಯಿಂದ ನೋಡಿದರೆ ನೀರಿನ ನಡುವೆ ಐಲೆನ್ ಮುಂಡೆ ಎಂಬ ನಡುಗಡ್ಡೆ ಕಾಣುತ್ತದೆ. ಆ ಕುಲದವರ ಹಳೆಯ ಸಮಾಧಿಗಳಿರುವುದು ಅಲ್ಲಿ.

ಎರಡನೆಯ ದಿನ ಬ್ಯಾಲಹೂಲಿಶ್ ಊರಿನ ಸ್ಲೇಟುಗಣಿ. ಹೌದು, ನಿಮ್ಮ ಅಪ್ಪ ಅಮ್ಮ ಅಕ್ಷರ ತಿದ್ದಿದ್ದು ಇಂಥದೇ ಕಲ್ಲಿನ ಮೇಲೆ. ಇಲ್ಲಿ 1693ರಿಂದ 1955ರವರೆಗೆ ಅಗೆದ ಕಲ್ಲು ಸ್ಕಾಟ್‌ಲೆಂಡಿನ ಎಷ್ಟೋ ಮನೆಗಳಿಗೆ ಹೆಂಚಾಯಿತು. 1902ರಲ್ಲಿ ಕಂಪನಿಯು ಕೆಲಸಗಾರರ ವೈದ್ಯ ಲಾಖ್ಲನ್ ಗ್ರಾಂಟ್ ಅವರನ್ನು ತೆಗೆದುಹಾಕಿದಾಗ ಅವರೆಲ್ಲ ಒಗ್ಗಟ್ಟಾಗಿ ಎದುರುನಿಂತರು. ಜಗಳ ವರ್ಷ ದಾಟಿತು. ಈಗ ಗಣಿಯೊಳಗೆ ದಾರಿಗಳಿವೆ. ಕಡಿದಾದ ಕಪ್ಪು ಗೋಡೆಗಳ ನಡುವೆ ಗಿಡಮರ ಬೆಳೆದಿವೆ. ಬಸ್ ನಿಲ್ಲುವಲ್ಲಿಂದ ಹತ್ತಿರ, ಚಿಕ್ಕ ಮಕ್ಕಳಿಗೂ ಆಗುವ ನಡಿಗೆ. ಗೋಡೆಗಳ ಬುಡಕ್ಕೆ ಮಾತ್ರ ಹೋಗಬೇಡಿ, ಕಲ್ಲು ಉದುರುವುದುಂಟು.

ಅಲ್ಲಿಂದ ಬಸ್ಸಿನಲ್ಲಿ ಖಾರಿಯ ಕೊನೆಯ ಕಿನ್‌ಲಾಖ್‌ಲೆವೆನ್‌ಗೆ. ಇಲ್ಲಿನ ಗ್ರೇ ಮೇರ್ಸ್ ಟೇಲ್, ಅಂದರೆ ಬೂದು ಕುದುರೆಯ ಬಾಲ, ಸುಮಾರು 50 ಮೀಟರ್ ಎತ್ತರದ ಜಲಪಾತ. ದಾರಿ ಚಿಕ್ಕದು, ಆದರೆ ಏರಿಳಿತವಿದೆ, ಜಾರುತ್ತದೆ. ಅಜ್ಜಿಯನ್ನು ಊರೊಳಗೆ ಕೂರಿಸಿ, ಒಬ್ಬರು ಜೊತೆಗಿದ್ದು, ಸರದಿಯ ಮೇಲೆ ಹೋಗಿಬನ್ನಿ. 1909ರ ಹೊತ್ತಿಗೆ ಇಲ್ಲಿ ಅಲ್ಯುಮಿನಿಯಂ ಕಾರ್ಖಾನೆ ಬಂತು. ಅದಕ್ಕೆ ವಿದ್ಯುತ್ ಬೇಕೆಂದು ಮೇಲೆ ಬ್ಲ್ಯಾಕ್‌ವಾಟರ್ ಅಣೆಕಟ್ಟು ಕಟ್ಟಿದರು. ಮನೆಮನೆಗೂ ವಿದ್ಯುದ್ದೀಪ ಬಂದ ಊರುಗಳಲ್ಲಿ ತಾವೇ ಮೊದಲಿಗರೆಂಬ ಹೆಮ್ಮೆ ಈ ಊರಿಗಿದೆ. ಅಣೆಕಟ್ಟಿನ ಹತ್ತಿರ ಕೂಲಿಕಾರರ ಪುಟ್ಟ ಸ್ಮಶಾನವಿದೆ. ಪರಊರಿನಿಂದ ದುಡಿಯಲು ಬಂದು ಅಲ್ಲೇ ಮಣ್ಣಾದವರು. ಗುರುತು ಸಿಗದವರ ಗೋರಿಯೂ ಅಲ್ಲಿದೆ. ಅಷ್ಟು ದೂರ ಮನೆಮಂದಿಯೊಡನೆ ಹೋಗಲಾಗದು, ಆದರೆ ಊರಿನ ದೀಪ ನೋಡುವಾಗ ಅವರನ್ನು ನೆನೆಯಬಹುದು.

ದಾರಿಯ ಫಲಕಗಳಲ್ಲಿ ಗೇಲಿಕ್ ಹೆಸರುಗಳನ್ನೂ ನೋಡಿ. ಕಿನ್‌ಲಾಖ್‌ಲೆವೆನ್ ಎಂದರೆ ಲೆವೆನ್ ಖಾರಿಯ ತಲೆ. ತಲಕಾವೇರಿಯನ್ನು ಬಲ್ಲವರಿಗೆ ಇದು ಹೊಸದೇ? ಬ್ಯಾಲಹೂಲಿಶ್ ಎಂದರೆ ಕಿರಿದಾದ ಜಲಸಂಧಿಯ ಊರು. ಆ ಭಾಷೆಯನ್ನು ಮನೆಯಲ್ಲಿ ಆಡುವವರು ಈ ದಂಡೆಗಳಲ್ಲಿ ತೀರ ಕಡಿಮೆಯಾದರು. ಹೆಸರುಗಳು ಉಳಿದಿವೆ, ಅರ್ಥವನ್ನು ಫಲಕ ನೋಡಿ ತಿಳಿಯಬೇಕಾಗಿದೆ. ಹೊರನಾಡಿನಲ್ಲಿ ಬೆಳೆದ ನಮಗೆ ಇದು ಬೇರೆಯವರ ಕತೆಯೆನಿಸುವುದಿಲ್ಲ.

ಕೆಲವು ಕಿವಿಮಾತು. ಬಿಸಿಲಿದ್ದರೂ ಮಳೆಯಂಗಿ ಬಿಡಬೇಡಿ. ಚಪ್ಪಲಿ, ಸೀರೆ ಈ ದಾರಿಗೆ ಒಗ್ಗವು. ಅಮ್ಮನಿಗೆ ಹಿಡಿತವಿರುವ ಬೂಟು ಕೊಡಿಸಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಿಜ್ ಎಂಬ ನುಸಿ ಮುತ್ತುತ್ತದೆ, ಗಾಳಿಯಿದ್ದರೆ ಕಾಟವಿಲ್ಲ. ದಂಡೆಗಿಳಿಯುವ ಮುನ್ನ ಉಬ್ಬರದ ವೇಳೆ ಕೇಳಿಕೊಳ್ಳಿ. 2003ರ ಕಾಯಿದೆಯಂತೆ ಸ್ಕಾಟ್‌ಲೆಂಡಿನ ಹೆಚ್ಚಿನ ಬಯಲು, ಬೆಟ್ಟಗಳಲ್ಲಿ ಯಾರಾದರೂ ನಡೆಯಬಹುದು. ಹೊಣೆಯರಿತು ನಡೆಯಬೇಕೆಂಬುದಷ್ಟೇ ಷರತ್ತು. ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಹೋಗಿ, ಮರಿಯಿರುವ ಕುರಿಗಳ ಹತ್ತಿರ ಹೋಗಬೇಡಿ. ಹಿಂದಿರುಗುವ ಬಸ್ಸಿನ ವೇಳೆ ನೋಡಿಕೊಂಡೇ ಹೊರಡಿ.

ಕೊನೆಯದಾಗಿ ಒಂದು ಮಾತು. ನೀವು ಮುಂದೆ ಮುಂದೆ ಓಡಿ, ಹಿಂತಿರುಗಿ ನಿಂತು ಕೈಗಡಿಯಾರ ನೋಡಬೇಡಿ. ಮನೆಯಲ್ಲಿ ಯಾರ ಹೆಜ್ಜೆ ನಿಧಾನವೋ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ನಿಮ್ಮ ಹೆಜ್ಜೆಗೆ ಅವರು ಕಾದ ಕಾಲವೂ ಒಂದಿತ್ತು.