ಅರಸನ ಕೊರಳಿಗೆ ಅಂಕಿಯ ಹಾರ

ಶಾಸನಗಳನ್ನು ಓದಿದವರಿಗೆ ನಮ್ಮ ಈ ಸೀಮೆ ಸಂಖ್ಯೆಗಳ ಸೀಮೆಯೆಂದು ಬೇರೆ ಹೇಳಬೇಕಾಗಿಲ್ಲ. ಹಾನಗಲ್ಲು ಅಲ್ಲಿ ಪಾನುಂಗಲ್ಲು ಐನೂರು. ನೆರೆಯ ಬನವಾಸಿ ಪನ್ನಿರ್ಛಾಸಿರ. ಈ ಅಂಕಿಗಳು ಊರುಗಳ ಎಣಿಕೆಯೋ ಬೇರೊಂದರ ಎಣಿಕೆಯೋ ಎಂಬ ವಿದ್ವಾಂಸರ ವಾದವು ಇನ್ನೂ ಮುಗಿದಿಲ್ಲ. ವಾದಕ್ಕೆ ಎಡೆಯೇ ಇಲ್ಲದ ಒಂದು ಸಂಖ್ಯೆಯನ್ನು ನಾವಿಂದು ವಾಚಕರ ಮುಂದಿಡುತ್ತೇವೆ: ೧೨೩೪೫೬೫೪೩೨೧.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದುದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೆಯನಿಂದ. ಆ ದೊರೆಯ ಕಾಲ (೮೧೪–೮೭೮) ಎಂದೊಡನೆ ನಮ್ಮ ವಿದ್ಯಾರ್ಥಿಗೆ ‘ಕವಿರಾಜಮಾರ್ಗ’ವೊಂದೇ ನೆನಪಾಗುವುದು. ಅದೇ ದೊರೆಯನ್ನು ಕೊಂಡಾಡುತ್ತ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನೆಂಬುದು ಪರೀಕ್ಷೆಗೆ ಬಾರದ ಸಂಗತಿ. ಅದರ ಪ್ರತ್ಯುತ್ಪನ್ನದಲ್ಲಿ, ಅಂದರೆ ಗುಣಾಕಾರದ ಭಾಗದಲ್ಲಿ, ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವೊಂದಿದೆ. ಬರುವ ಫಲವು ಮೇಲಿನ ಸಂಖ್ಯೆಯೇ. ಒಂದರಿಂದ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಿಂದ ಇಳಿಯುತ್ತದೆ. ಚಿತ್ರಕಾವ್ಯದ ಗತಪ್ರತ್ಯಾಗತವನ್ನು ಕಂಡು ತಲೆದೂಗಿದವರು ಇಲ್ಲಿಯೂ ತಲೆದೂಗಬೇಕು. ಇಂಥ ಫಲಗಳನ್ನು ಆಚಾರ್ಯನು ಅರಸರ ಕಂಠಾಭರಣಕ್ಕೆ ಹೋಲಿಸಿದ್ದಾನೆ.

ಬಣ್ಣನೆಗೆ ಮರುಳಾಗಿ ಒಳಗಿನ ಕಟ್ಟನ್ನು ನೋಡದೆ ಹೋಗಬಾರದು. ಆರು ಒಂದುಗಳ ಸಂಖ್ಯೆಯಾದ ೧೧೧೧೧೧ರ ವರ್ಗವೇ ಈ ಹಾರ. ಕಾಗದದ ಮೇಲೆ ಗುಣಿಸಿದರೆ ಒಂದುಗಳ ಆರು ಸಾಲುಗಳು ಒಂದೊಂದು ಸ್ಥಾನ ಸರಿಯುತ್ತ ಬರುತ್ತವೆ. ನಡುವೆ ಆರು ಒಂದುಗಳು ಕೂಡುತ್ತವೆ, ಇಕ್ಕೆಲಗಳಲ್ಲಿ ಐದು, ಅದರಾಚೆ ನಾಲ್ಕು. ಇನ್ನು ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ದೊರೆಯುತ್ತವೆ. ಮೊದಲೆರಡರ ಗುಣಲಬ್ಧ ೨೧. ಅದರ ವರ್ಗ ೪೪೧. ಉಳಿದ ಮೂರರ ಗುಣಲಬ್ಧ ೫೨೯೧. ಅದರ ವರ್ಗ ೨೭೯೯೪೬೮೧. ಒಂಬತ್ತು ಒಂದುಗಳವರೆಗೂ ಈ ಹಾರ ಕೆಡದು. ಹತ್ತನೆಯ ಒಂದನ್ನು ಸೇರಿಸಿದಾಗ ನಡುವೆ ಹತ್ತು ಕೂಡಿ, ದಶಕವು ಎಡಕ್ಕೆ ಹೋಗಿ, ಮಣಿಗಳು ಚೆದರುತ್ತವೆ: ೧೨೩೪೫೬೭೯೦೦೯೮೭೬೫೪೩೨೧. ಎಂಟು ಮಾತ್ರವಿಲ್ಲದ ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುವ ಸೊಗಸನ್ನೂ ಆಚಾರ್ಯನೇ ಕಾಣಿಸಿದ್ದಾನೆ.

ಈ ಗ್ರಂಥವನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ನಮ್ಮಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಓದುವವರು ಯಾರು? ಗಣಿತವೆಂದು ಕನ್ನಡದ ಅಧ್ಯಾಪಕರು ಅದನ್ನು ಬಿಟ್ಟರು. ಹಳಗನ್ನಡವೆಂದು ಗಣಿತದವರು ಬಿಟ್ಟರು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದೆಂಬ ಮಾತು ಹುಟ್ಟಿದ್ದು ಈ ಬಿರುಕಿನಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಾಲೇಜುಗಳಲ್ಲಿ ಇಬ್ಬರು ಅಧ್ಯಾಪಕರೂ ವಾರಕ್ಕೊಂದು ಗಂಟೆ ಒಂದೇ ಕಪ್ಪುಹಲಗೆಯ ಮುಂದೆ ನಿಲ್ಲಲಿ. ಒಬ್ಬರು ಪದ್ಯವನ್ನು ಬಿಡಿಸಲಿ, ಇನ್ನೊಬ್ಬರು ಲೆಕ್ಕವನ್ನು. ಆ ಗಂಟೆಗೆ ಪರೀಕ್ಷೆಯನ್ನು ಇಡದಿದ್ದರಾಯಿತು.