ಸವೆದ ತಟ್ಟೆಯ ಲೆಕ್ಕ

ಅಮೆರಿಕದ ಪಾಂಟಿಯಾಕ್ ಕಂಪನಿಯು 1964ರಲ್ಲಿ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನ ಒಡಲಲ್ಲಿ 389 ಘನ ಅಂಗುಲದ ಭಾರಿ ಎಂಜಿನನ್ನು ಕೂರಿಸಿ, ಅದನ್ನು ಜಿ.ಟಿ.ಓ. ಎಂಬ ಹೆಸರಿನಿಂದ ಮಾರಾಟಕ್ಕೆ ಬಿಟ್ಟಿತು. ಅಶ್ವಶಕ್ತಿಯನ್ನು 325ಕ್ಕೆ ಏರಿಸಿದವರು ಕಡಿವಾಣದ ವಿಷಯದಲ್ಲಿ ಮಾತ್ರ ಕೈಬಿಗಿ ಹಿಡಿದರು. ನಾಲ್ಕು ಚಕ್ರಗಳಿಗೂ ಹಳೆಯ ಡ್ರಮ್ ಬ್ರೇಕುಗಳೇ. ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಕಾರುಗಳು ಲೆ ಮಾನ್ಸ್ ಪಂದ್ಯವನ್ನು ಗೆದ್ದದ್ದು 1953ರಲ್ಲಿ. ಜಿ.ಟಿ.ಓ. ಕಾರಿನ ಮುಂಚಕ್ರಗಳಿಗೆ ಆ ಭಾಗ್ಯ ದೊರೆತದ್ದು 1967ರಲ್ಲಿ, ಅದೂ ಹೆಚ್ಚಿನ ಹಣ ತೆತ್ತವರಿಗೆ.

‘ಮಸಲ್ ಕಾರು’ ಎಂದು ಹೆಸರಾದ ಈ ಪೈಲ್ವಾನರು ಈಗ ಮುದುಕರು. ಆದರೂ ಮುದ್ದಿಗೆ ಕೊರತೆಯಿಲ್ಲ. ಬಣ್ಣಕ್ಕೂ ಕ್ರೋಮಿಯಂ ಲೇಪಕ್ಕೂ ಸಾವಿರಾರು ಡಾಲರು ಸುರಿಯುವ ಒಡೆಯರು ಚಕ್ರದ ಮರೆಯಲ್ಲಿರುವ ಎರಕದ ಕಬ್ಬಿಣದ ತಟ್ಟೆಯತ್ತ ಕಣ್ಣು ಹಾಯಿಸುವುದು ಅಪರೂಪ. ಪ್ರಾಣವನ್ನು ಕಾಯುವುದು ಅದೇ ತಟ್ಟೆ.

ಸುಮಾರು 1700 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದು ಒಮ್ಮೆ ನಿಂತರೆ, ಆಗ ಹುಟ್ಟುವ ಶಾಖವು ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ. ಅದರ ಹೆಚ್ಚಿನ ಪಾಲನ್ನು ಮುಂಚಕ್ರದ ಎರಡು ತಟ್ಟೆಗಳೇ ನುಂಗಬೇಕು. ದಪ್ಪ ಕಾವಲಿ ಕಾವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ತೆಳುವಾದದ್ದು ಕ್ಷಣದಲ್ಲಿ ಕಾದು ದೋಸೆಯನ್ನು ಸೀಯಿಸುತ್ತದೆ ಎಂಬುದನ್ನು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಇಲ್ಲಿಯೂ ಅದೇ ನ್ಯಾಯ. ಸವೆದ ತಟ್ಟೆ ಬೇಗ ಕಾಯುತ್ತದೆ. ಅದರ ಕಾವಿಗೆ ಬ್ರೇಕಿನ ದ್ರವ ಕುದಿದರೆ ಪೆಡಲು ಕಾಲಿನಡಿಯಲ್ಲಿ ಸುಮ್ಮನೆ ಕುಸಿಯುತ್ತದೆ. ಇನ್ನೊಂದು ಕೇಡೂ ಉಂಟು. ತಟ್ಟೆಯೊಡನೆ ಒತ್ತುಬಿಲ್ಲೆಗಳೂ ಸವೆದಿದ್ದರೆ, ಅವನ್ನು ತಳ್ಳುವ ಪಿಸ್ಟನ್ ತನ್ನ ಗೂಡಿನಿಂದ ಮಿತಿಮೀರಿ ಹೊರಗೆ ಚಾಚಬೇಕಾಗುತ್ತದೆ. ಆಗ ದ್ರವ ಸೋರಿಹೋದೀತು.

ಆದುದರಿಂದಲೇ ತಯಾರಕರು ಸವೆತಕ್ಕೆ ಗಡಿ ಹಾಕಿದರು. ಷೆವ್ರೊಲೆ ಕಂಪನಿಯ ಷೆವೆಲ್, ಕಮಾರೊ ಕಾರುಗಳಲ್ಲಿ 1969ರಿಂದ ಬಂದ ಒಂದೇ ಪಿಸ್ಟನ್ನಿನ ಬ್ರೇಕಿನ ತಟ್ಟೆಯು 11 ಅಂಗುಲ ಅಗಲ. ಹೊಸದರಲ್ಲಿ ದಪ್ಪ ಒಂದಂಗುಲಕ್ಕಿಂತ ತುಸು ಹೆಚ್ಚು. ಅದನ್ನು ಎಸೆಯಬೇಕಾದ ದಪ್ಪ 0.965 ಅಂಗುಲ. ಈ ಅಂಕಿಯನ್ನು ಎಷ್ಟೋ ತಟ್ಟೆಗಳ ಮೈಮೇಲೆಯೇ ಕಾಣಬಹುದು. ಆದರೆ ಲೇತ್ ಯಂತ್ರಕ್ಕೆ ಏರಿಸಿ ಹೆರೆಯುವ ಗಡಿ ಬೇರೆ: ಹೆರೆದ ಮೇಲೂ 0.980 ಅಂಗುಲ ಉಳಿದಿರಬೇಕು. ಎರಡರ ನಡುವಿನ ಅಂತರ ನಾಲ್ಕು ಹಾಳೆ ಕಾಗದದಷ್ಟು. ಮೋಸಹೋಗುವುದು ಇಲ್ಲಿಯೇ. ತಟ್ಟೆ 0.975 ತೋರಿದರೆ, ‘ಇನ್ನೂ ಹತ್ತು ಸಾವಿರಾಂಶ ಮಿಕ್ಕಿದೆ, ಒಂದು ಸಲ ಹೆರೆದುಬಿಡೋಣ’ ಎನ್ನುವ ಮೇಸ್ತ್ರಿಗಳುಂಟು. ಆ ಮಿಕ್ಕಿದ್ದು ಮುಂದಿನ ಓಟದಲ್ಲಿ ಸವೆಯಲೆಂದು ಇಟ್ಟ ಬುತ್ತಿ, ಯಂತ್ರಕ್ಕೆ ಉಣಿಸುವುದಕ್ಕಲ್ಲ. ಮೈ ನುಣುಪಾಗಿದ್ದರೆ ಅಂಥ ತಟ್ಟೆಯನ್ನು ಇದ್ದಂತೆಯೇ ಓಡಿಸಬಹುದು, ಗೀರುಬಿದ್ದಿದ್ದರೆ ತೆಗೆದುಹಾಕಬೇಕು.

ಅಳೆಯುವುದರಲ್ಲೂ ಜಾಣ್ಮೆ ಬೇಕು. ಬಿಲ್ಲೆ ಉಜ್ಜದ ಹೊರ ಅಂಚಿನಲ್ಲಿ ತುಕ್ಕಿನ ಏರಿಯೊಂದು ಬೆಳೆದಿರುತ್ತದೆ. ಚಪ್ಪಟೆ ದವಡೆಯ ವರ್ನಿಯರ್ ಮಾಪಕವು ಆ ಏರಿಯ ಮೇಲೆ ಕುಳಿತು, ಸವೆದ ತಟ್ಟೆಗೂ ಯೌವನದ ದೃಢಪತ್ರ ಕೊಟ್ಟುಬಿಡುತ್ತದೆ. ಮೈಕ್ರೋಮೀಟರನ್ನು ಅಂಚಿನಿಂದ ಸುಮಾರು ಒಂದಂಗುಲ ಒಳಗೆ ಹಿಡಿದು, ಸುತ್ತಲೂ ಎಂಟು ಕಡೆ ಅಳೆದು, ಎಲ್ಲಕ್ಕಿಂತ ಕಡಮೆ ಬಂದ ಅಂಕಿಯನ್ನೇ ನಂಬಬೇಕು, ಸರಾಸರಿ ಸಲ್ಲದು. ಆ ಎಂಟರ ನಡುವೆ ಅಂಗುಲದ ಅರ್ಧ ಸಾವಿರಾಂಶಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಪೆಡಲು ನಾಡಿಯಂತೆ ಮಿಡಿಯತೊಡಗುತ್ತದೆ.

ವರ್ಷದಲ್ಲಿ ನಾಲ್ಕು ದಿನ ಓಡಿ, ಉಳಿದ ದಿನ ಮುಸುಕು ಹೊದ್ದು ನಿಲ್ಲುವ ಕಾರಿಗೆ ತುಕ್ಕೇ ದೊಡ್ಡ ಶತ್ರು. ಗಾಳಿಯಾಡಲೆಂದು ಈ ತಟ್ಟೆಗಳನ್ನು ಎರಡು ಪದರವಾಗಿ ಎರೆದು, ನಡುವೆ ರೆಕ್ಕೆಗಳನ್ನು ಇಟ್ಟಿದ್ದಾರೆ. ಆ ರೆಕ್ಕೆಗಳು ಒಳಗಿನಿಂದ ತುಕ್ಕು ತಿಂದು ಸಣ್ಣಗಾದರೆ ಮೈಕ್ರೋಮೀಟರಿಗೆ ಕಾಣುವುದೇ ಇಲ್ಲ. ದೀಪ ಹಿಡಿದು ಸಂದುಗಳಲ್ಲಿ ಇಣುಕಬೇಕು. ಹುಡಿಯನ್ನು ಕೆಡವಿ ನೋಡಲು ಸಂಕುಚಿತ ಗಾಳಿಯನ್ನು ಊದುವವರುಂಟು. ಆದರೆ ಹಳೆಯ ಬಿಲ್ಲೆಗಳಲ್ಲಿ ಕಲ್ನಾರು ಇದ್ದಿರಬಹುದಾದ್ದರಿಂದ ಆ ಹುಡಿ ಶ್ವಾಸಕೋಶಕ್ಕೆ ವಿಷ. ಒದ್ದೆ ಮಾಡಿ ಒರೆಸುವುದೇ ಕ್ಷೇಮ.

1965ರಿಂದ ನಾಲ್ಕು ಚಕ್ರಕ್ಕೂ ಡಿಸ್ಕ್ ಪಡೆದ ಕಾರ್ವೆಟ್ ಕಾರಿನ ಲೆಕ್ಕ ಬೇರೆ. ಅಲ್ಲಿ ಹೊಸ ತಟ್ಟೆ 1.250 ಅಂಗುಲ, ಎಸೆಯುವ ಗಡಿ 1.215. ಬದಲಿಯಾಗಿ ಕೊಂಡ ತಟ್ಟೆಯ ಮೇಲೆ ಬೇರೆ ಅಂಕಿಯಿದ್ದರೆ ಹಳೆಯ ಕೈಪಿಡಿಗಿಂತ ಆ ಅಂಕಿಗೇ ಮನ್ನಣೆ. ಷೆವೆಲ್ ಕಾರಿನ ಹಿಂಚಕ್ರಗಳಲ್ಲಿ ಉಳಿದ ಡ್ರಮ್ಮುಗಳಿಗೋ ಲೆಕ್ಕ ತಲೆಕೆಳಗು: ಸವೆದಷ್ಟೂ ಅವುಗಳ ಒಳ ಅಗಲ ಹಿಗ್ಗುತ್ತದೆ, ಆದುದರಿಂದ ಅಲ್ಲಿ ನೋಡಬೇಕಾದದ್ದು ಕನಿಷ್ಠವನ್ನಲ್ಲ, ಗರಿಷ್ಠವನ್ನು.